ರಸ್ತೆಬದಿಯ ಚರಂಡಿ ಎಲ್ಲಿ ಕೊನೆಗೊಳ್ಳುತ್ತದೆ?

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆ ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತದೆ. ಈ ಸೀಮೆಯ ಮಳೆನೀರಾದರೋ ಸಹ್ಯಾದ್ರಿಯ ಕಡೆಯಿಂದ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ ಇಳಿಯುತ್ತದೆ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಬಳಿ ಹರಿಯುವ ಮಲಪ್ರಭೆಯ ದಾರಿಯೂ ಇದೇ. ಹೀಗಾಗಿ ರಸ್ತೆಯು ನೀರಿನ ದಾರಿಗೆ ಅಡ್ಡಲಾಗಿ ಹಾಕಿದ ಒಂದು ಉದ್ದನೆಯ ಒಡ್ಡಿನಂತೆ ಇದೆ.

ರಸ್ತೆ ಕಿರಿದಾಗಿ ನೆಲಮಟ್ಟದಲ್ಲಿರುವಾಗ ಮಳೆನೀರು ಅಲ್ಲಲ್ಲಿ ಅದರ ಮೇಲೆಯೇ ಹಾಯ್ದು ಹೋಗುತ್ತದೆ. ಅದೇ ರಸ್ತೆಯನ್ನು ಎತ್ತರಿಸಿ ಅಗಲ ಮಾಡಿದ ಮೇಲೆ ನೀರು ಚರಂಡಿ ಮತ್ತು ಮೋರಿಗಳ ಮೂಲಕವೇ ಹೋಗಬೇಕು. ಚರಂಡಿ ಸರಿಯಾಗಿದ್ದರೆ ಯಾರಿಗೂ ತೊಂದರೆಯಿಲ್ಲ. ತಪ್ಪಿದರೆ ಮೇಲ್ಭಾಗದ ಹೊಲದಲ್ಲಿ ನೀರು ನಿಲ್ಲುತ್ತದೆ. ಕೆಳಭಾಗದಲ್ಲಿ ಒಬ್ಬನೇ ರೈತನ ಹೊಲಕ್ಕೆ ಹತ್ತು ಹೊಲಗಳ ನೀರು ಒಮ್ಮೆಲೇ ನುಗ್ಗುತ್ತದೆ. ಸೋಯಾಅವರೆಯ ಬೇರಿನಲ್ಲಿ ಎರಡು ಮೂರು ದಿನ ನೀರು ನಿಂತರೆ ಬೇರಿಗೆ ಗಾಳಿಯಾಡದೆ ಎಲೆ ಹಳದಿಯಾಗುತ್ತದೆ. ತರಕಾರಿ ಅಷ್ಟೂ ತಾಳುವುದಿಲ್ಲ. ನಿಂತ ನೀರನ್ನು ಸಹಿಸುವ ಭತ್ತವೂ ಎಳೆಯ ಸಸಿಯಿದ್ದಾಗ ಪೂರ್ತಿ ಮುಳುಗಿ ಒಂದು ವಾರ ಕಳೆದರೆ ಕೊಳೆಯುತ್ತದೆ.

ಇಂಥ ತಪ್ಪು ನಮ್ಮ ಕಣ್ಣಿಗೆ ಬೀಳುವುದು ರಸ್ತೆ ಮುಗಿದು ಮೊದಲ ಮುಂಗಾರು ಸುರಿದಾಗ. ಆದರೆ ಅದು ಆಗಿರುವುದು ಅದಕ್ಕೂ ಬಹಳ ಮೊದಲು, ರಸ್ತೆಯ ನಕ್ಷೆ ಗಣಕಯಂತ್ರದಲ್ಲಿ ತಯಾರಾಗುವಾಗ. ಆ ಹಂತದಲ್ಲಿ ಅದನ್ನು ತಿದ್ದಲು ಖರ್ಚು ಬಹಳ ಕಡಿಮೆ. ಡಾಂಬರು ಬಿದ್ದ ಮೇಲೆ ತಿದ್ದುವುದು ದುಬಾರಿ, ಎಷ್ಟೋ ಸಲ ಅಸಾಧ್ಯ. ಆದ್ದರಿಂದ ಗಣಕಯಂತ್ರದಲ್ಲಿ ಚರಂಡಿಯನ್ನು ಹೇಗೆ ಬರೆಯುತ್ತಾರೆ, ಎಲ್ಲಿ ತಪ್ಪುತ್ತದೆ ಮತ್ತು ರೈತರು ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚರಂಡಿಯ ಕೆಲಸ

ನಮ್ಮ ಭಾಗದಲ್ಲಿ ಗಟಾರ ಎಂದು ಕರೆಯುವ ರಸ್ತೆಬದಿಯ ಚರಂಡಿಗೆ ಮೂರು ಕೆಲಸಗಳಿವೆ. ರಸ್ತೆಯ ಮೇಲೆ ಬಿದ್ದ ನೀರನ್ನು ಒಯ್ಯುವುದು ಮೊದಲನೆಯದು. ರಸ್ತೆಯ ಅಡಿಪಾಯದ ಮಣ್ಣನ್ನು ಒಣಗಿರುವಂತೆ ಕಾಯುವುದು ಎರಡನೆಯದು. ಇದಕ್ಕಾಗಿ ಚರಂಡಿಯ ತಳವು ಅಡಿಪಾಯದ ಮಟ್ಟಕ್ಕಿಂತ ಕೆಳಗಿರಬೇಕು. ಮೇಲ್ಭಾಗದ ಹೊಲಗಳಿಂದ ಬರುವ ನೀರನ್ನು ತಡೆದು ಹತ್ತಿರದ ಮೋರಿಗೋ ಹಳ್ಳಕ್ಕೋ ಮುಟ್ಟಿಸುವುದು ಮೂರನೆಯದು. ರಸ್ತೆ ಕಟ್ಟುವವರ ಗಮನವೆಲ್ಲ ಸಹಜವಾಗಿ ಮೊದಲೆರಡರ ಮೇಲಿರುತ್ತದೆ. ರೈತರಿಗೆ ಮುಖ್ಯವಾದುದು ಮೂರನೆಯದು.

ರಸ್ತೆ ಚರಂಡಿಗಳ ಬಗ್ಗೆ ಭಾರತೀಯ ರಸ್ತೆ ಕಾಂಗ್ರೆಸ್ 1994ರಲ್ಲಿ ಮಾರ್ಗಸೂಚಿಯನ್ನು ಹೊರತಂದು 2014ರಲ್ಲಿ ಅದನ್ನು ಪರಿಷ್ಕರಿಸಿತು. ಎಂಜಿನಿಯರರು ಇದನ್ನು 'ಎಸ್‌ಪಿ 42' ಎಂದು ಕರೆಯುತ್ತಾರೆ. ನಿಯಮಕ್ಕೆ ಕೊರತೆಯಿಲ್ಲ. ನಿಯಮವನ್ನು ನಕ್ಷೆಗೆ ಇಳಿಸುವಾಗ ಸ್ಥಳದ ಅರಿವು ಬೇಕು. ಆ ಅರಿವು ಇರುವುದು ನಿಮ್ಮಲ್ಲಿ.

ಗಣಕಯಂತ್ರವು ರಸ್ತೆಯನ್ನು ಬರೆಯುವ ಬಗೆ

ಇಂದು ದೊಡ್ಡ ರಸ್ತೆಗಳ ನಕ್ಷೆಯನ್ನು ಆಟೊಡೆಸ್ಕ್ ಕಂಪನಿಯ ಸಿವಿಲ್ ತ್ರೀಡಿ, ಬೆಂಟ್ಲಿ ಕಂಪನಿಯ ಓಪನ್‌ರೋಡ್ಸ್ ಮುಂತಾದ ತಂತ್ರಾಂಶಗಳಿಂದ ತಯಾರಿಸುತ್ತಾರೆ. ಹೆಸರು ಬೇರೆಯಾದರೂ ಕ್ರಮ ಒಂದೇ. ಅದರಲ್ಲಿ ಮೂರು ಹಂತಗಳಿವೆ.

ಮೊದಲನೆಯದಾಗಿ, ನೆಲದ ಮಟ್ಟವನ್ನು ಅಲ್ಲಲ್ಲಿ ಅಳೆದು ಆ ಬಿಂದುಗಳನ್ನು ಗಣಕಯಂತ್ರಕ್ಕೆ ಕೊಡುತ್ತಾರೆ. ಅದು ಪಕ್ಕಪಕ್ಕದ ಮೂರು ಮೂರು ಬಿಂದುಗಳನ್ನು ತ್ರಿಕೋನಗಳಾಗಿ ಜೋಡಿಸಿ ನೆಲದ ಮೇಲ್ಮೈಯನ್ನು ರಚಿಸುತ್ತದೆ. ಎರಡನೆಯದಾಗಿ, ರಸ್ತೆಯ ನಡುಗೆರೆಯನ್ನೂ ಅದರ ಏರಿಳಿತವನ್ನೂ ಗೊತ್ತುಮಾಡುತ್ತಾರೆ. ಮೂರನೆಯದಾಗಿ, ರಸ್ತೆಯನ್ನು ಅಡ್ಡಲಾಗಿ ಕತ್ತರಿಸಿದರೆ ಹೇಗೆ ಕಾಣಬೇಕು ಎಂಬ ಒಂದು ಮಾದರಿಯನ್ನು ಮಾಡುತ್ತಾರೆ. ನಡುವೆ ಡಾಂಬರು, ಅದರ ಪಕ್ಕ ಮಣ್ಣಿನ ಅಂಚು, ಅಂಚಿನಾಚೆ ಇಳಿಜಾರು, ಚರಂಡಿಯ ತಳ, ಮತ್ತೆ ನೆಲಕ್ಕೆ ಏರುವ ಇಳಿಜಾರು, ಹೀಗೆ. ಈ ಮಾದರಿಯನ್ನು ನಡುಗೆರೆಯ ಉದ್ದಕ್ಕೂ ಎಳೆದಾಗ ಪೂರ್ತಿ ರಸ್ತೆ ಮೂಡುತ್ತದೆ. ಶಾವಿಗೆಯ ಮಣೆಯ ತೂತು ಹೇಗಿದೆಯೋ ಉದ್ದಕ್ಕೂ ಎಳೆ ಹಾಗೆಯೇ ಬರುವಂತೆ ಇದು. ಹತ್ತು ಇಲ್ಲವೆ ಇಪ್ಪತ್ತು ಮೀಟರಿಗೊಂದು ಅಡ್ಡಛೇದವನ್ನು ಗಣಕಯಂತ್ರ ಲೆಕ್ಕ ಹಾಕುತ್ತದೆ, ನಡುವಿನ ಜಾಗವನ್ನು ನೇರವಾಗಿ ಜೋಡಿಸುತ್ತದೆ.

ಈ ಕ್ರಮದಿಂದ ಕೆಲಸ ಬೇಗ ಆಗುತ್ತದೆ, ಮಣ್ಣಿನ ಲೆಕ್ಕವೂ ಕರಾರುವಾಕ್ಕಾಗಿ ಬರುತ್ತದೆ. ಆದರೆ ಅಳತೆಯಲ್ಲಿ ಸಿಗದಿದ್ದ ಸಂಗತಿ ಗಣಕಯಂತ್ರಕ್ಕೆ ಗೊತ್ತಿರುವುದಿಲ್ಲ. ಮಾದರಿಯಲ್ಲಿ ಇಲ್ಲದ ಚರಂಡಿಯನ್ನು ಅದು ತಾನಾಗಿ ತೋಡುವುದಿಲ್ಲ. ತಪ್ಪುಗಳು ಹುಟ್ಟುವುದು ಇಲ್ಲಿಂದಲೇ.

ಸಾಮಾನ್ಯವಾಗಿ ಆಗುವ ಐದು ತಪ್ಪುಗಳು

1. ಕಾಲುವೆ ಕಾಣದೇ ಹೋಗುವುದು: ನಿಮ್ಮ ಹೊಲದ ಬದುವಿನ ಪಕ್ಕದಲ್ಲಿ ಒಂದು ಮೀಟರ್ ಅಗಲದ ಬಸಿಗಾಲುವೆ ಇದೆ ಎನ್ನೋಣ. ಅಳೆಯುವವರು ಅದರ ಈಚೆ ಒಂದು, ಆಚೆ ಒಂದು ಬಿಂದು ತೆಗೆದುಕೊಂಡು ತಳದಲ್ಲಿ ಅಳೆಯದಿದ್ದರೆ ತ್ರಿಕೋನವು ಕಾಲುವೆಯ ಮೇಲೆ ಹಲಗೆ ಹಾಸಿದಂತೆ ಹಾಯ್ದುಹೋಗುತ್ತದೆ. ನಕ್ಷೆಯಲ್ಲಿ ಅಲ್ಲಿ ಕಾಲುವೆಯೇ ಇರುವುದಿಲ್ಲ, ಆದ್ದರಿಂದ ಮೋರಿಯೂ ಇರುವುದಿಲ್ಲ. ಗದ್ದೆಗಳಲ್ಲಿ ಬದುವಿನ ಮೇಲೆ ಮಾತ್ರ ಅಳೆದರೆ ಗದ್ದೆಯ ನೆಲ ಇದ್ದುದಕ್ಕಿಂತ ಎತ್ತರವಾಗಿ ತೋರುತ್ತದೆ. ಡ್ರೋನ್‌ನಿಂದ ಫೋಟೋ ತೆಗೆದು ಅಳೆಯುವ ಪದ್ಧತಿಯಲ್ಲಿ ಇನ್ನೊಂದು ತೊಡಕಿದೆ. ಬೆಳೆದು ನಿಂತ ಕಬ್ಬಿನ ಮೇಲಿನಿಂದ ಫೋಟೋ ತೆಗೆದರೆ ಸಿಗುವುದು ಕಬ್ಬಿನ ತುದಿಯ ಮಟ್ಟ, ನೆಲದ ಮಟ್ಟವಲ್ಲ.

2. ಚರಂಡಿಯು ರಸ್ತೆಯ ಏರಿಳಿತವನ್ನೇ ಅನುಸರಿಸುವುದು: ಮಾದರಿಯಲ್ಲಿ 'ರಸ್ತೆಯ ಅಂಚಿಗಿಂತ 60 ಸೆಂ.ಮೀ. ಕೆಳಗೆ ಚರಂಡಿಯ ತಳ' ಎಂದು ಬರೆದರೆ ಉದ್ದಕ್ಕೂ ಅಷ್ಟೇ ಆಳ ಬರುತ್ತದೆ. ರಸ್ತೆ ಇಳಿದರೆ ಚರಂಡಿ ಇಳಿಯುತ್ತದೆ, ರಸ್ತೆ ಸಪಾಟಾದರೆ ಚರಂಡಿಯೂ ಸಪಾಟು. ವಾಹನಕ್ಕೆ ಸಪಾಟು ರಸ್ತೆ ಅನುಕೂಲ, ನೀರಿಗೆ ಸಪಾಟು ಚರಂಡಿ ಒಂದು ಹೊಂಡ. ಆದ್ದರಿಂದ ಇಂಥ ಕಡೆ ಚರಂಡಿಯ ತಳಕ್ಕೆ ರಸ್ತೆಯಿಂದ ಸ್ವತಂತ್ರವಾದ ಇಳಿಜಾರನ್ನು ಕೊಡಬೇಕು. ತಂತ್ರಾಂಶದಲ್ಲಿ ಇದಕ್ಕೆ ಅವಕಾಶವಿದೆ. ಚರಂಡಿಯ ತಳಕ್ಕೆ ಪ್ರತ್ಯೇಕ ಉದ್ದಛೇದವನ್ನು ಬರೆದು, ಮಾದರಿಯು ಅದನ್ನೇ ಅನುಸರಿಸುವಂತೆ ಹೇಳಬಹುದು. 400 ಮೀಟರ್ ಸಪಾಟು ರಸ್ತೆಗೆ 200ಕ್ಕೆ 1ರಂತೆ ಇಳಿಜಾರು ಕೊಟ್ಟರೆ ಕೊನೆಯಲ್ಲಿ ಚರಂಡಿ 2 ಮೀಟರ್ ಹೆಚ್ಚು ಆಳವಾಗುತ್ತದೆ. ಅಷ್ಟು ಆಳ ಕಷ್ಟ. ನಡುವೆ ಒಂದು ಮೋರಿ ಇಟ್ಟು ಎರಡೂ ಕಡೆಯಿಂದ ಅದಕ್ಕೆ ಇಳಿಸಿದರೆ 1 ಮೀಟರ್ ಸಾಕು. ಮೋರಿ ಎಲ್ಲಿ ಬೇಕು ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

3. ರಸ್ತೆಯ ತಗ್ಗು ಒಂದು ಕಡೆ, ಹಳ್ಳ ಒಂದು ಕಡೆ: ವಾಹನಗಳು ವೇಗವಾಗಿ ಹೋಗಲು ರಸ್ತೆಯ ಏರಿಳಿತವನ್ನು ನುಣುಪುಗೊಳಿಸುತ್ತಾರೆ. ಆಗ ರಸ್ತೆಯ ಅತಿ ತಗ್ಗಿನ ಸ್ಥಳವು ಹಳೆಯ ಹಳ್ಳದಿಂದ ಐವತ್ತು ಅರವತ್ತು ಮೀಟರ್ ಆಚೆಗೆ ಸರಿಯಬಹುದು. ಮೋರಿ ಮಾತ್ರ ಹಳ್ಳದಲ್ಲಿಯೇ ಇರುತ್ತದೆ. ರಸ್ತೆಯನ್ನು ಅನುಸರಿಸಿದ ಚರಂಡಿಯು ಹೊಸ ತಗ್ಗಿಗೆ ನೀರನ್ನು ತಂದು ನಿಲ್ಲಿಸುತ್ತದೆ. ಅಲ್ಲಿ ಯಾರ ಹೊಲವಿದೆಯೋ ಆ ರೈತನಿಗೆ ಹಿಂದೆಂದೂ ಕಾಣದ ನೀರು ಕಾಣುತ್ತದೆ.

4. ಏರಿಯ ಕೆಳಗೆ ಚರಂಡಿಯೇ ಇಲ್ಲದಿರುವುದು: ಗುಡ್ಡ ಕಡಿದು ರಸ್ತೆ ಮಾಡುವಲ್ಲಿ ಚರಂಡಿ ಬೇಕೇಬೇಕು ಎಂದು ಎಲ್ಲರಿಗೂ ಗೊತ್ತು. ಮಣ್ಣು ಪೇರಿಸಿ ಏರಿ ಹಾಕುವಲ್ಲಿ ಹಾಗಲ್ಲ. ತಂತ್ರಾಂಶದ ಜೊತೆಗೇ ಬರುವ ಕೆಲವು ಸರಳ ಮಾದರಿಗಳು ರಸ್ತೆ ನೆಲಕ್ಕಿಂತ ಕೆಳಗಿದ್ದರೆ ಮಾತ್ರ ಚರಂಡಿ ಹಾಕುತ್ತವೆ. ಮೇಲಿದ್ದರೆ ಏರಿಯ ಇಳಿಜಾರನ್ನು ನೇರವಾಗಿ ನೆಲಕ್ಕೆ ತಾಗಿಸಿ ನಿಲ್ಲಿಸುತ್ತವೆ. ನೆಲಕ್ಕೆ ತಾಗಿದ ಆ ಗೆರೆಯ ಪಕ್ಕದಲ್ಲೇ ನಿಮ್ಮ ಹೊಲವಿರುತ್ತದೆ. ಏರಿಯ ಬುಡದಲ್ಲಿ ಚರಂಡಿ ಬೇಕಾದರೆ ನಕ್ಷೆ ಬರೆಯುವವರು ಅದನ್ನು ಬೇರೆಯಾಗಿ ಸೇರಿಸಬೇಕು, ಅದಕ್ಕೆ ಬೇಕಾದ ಜಾಗವೂ ರಸ್ತೆಯ ಗಡಿಯೊಳಗೆ ಇರಬೇಕು.

5. ಚರಂಡಿಗೆ ಕೊನೆ ಇಲ್ಲದಿರುವುದು: ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಚರಂಡಿಯು ಹಳ್ಳ, ನಾಲಾ ಅಥವಾ ಕೆರೆಯಲ್ಲಿ ಕೊನೆಗೊಳ್ಳಬೇಕು. ಯಾವುದೋ ಸರ್ವೆ ನಂಬರಿನ ಮೂಲೆಯಲ್ಲಿ ನಕ್ಷೆಯ ಗೆರೆ ನಿಂತರೆ ನೀರು ಅಲ್ಲಿಗೆ ನಿಲ್ಲುವುದಿಲ್ಲ. ಹಳ್ಳಕ್ಕೆ ಸೇರಿಸಿದರೂ ಸಾಲದು. ಹಳ್ಳ ತುಂಬಿದಾಗ ಅದರ ನೀರಿನ ಮಟ್ಟ ಎಷ್ಟಿರುತ್ತದೆ ಎಂಬುದನ್ನೂ ನೋಡಬೇಕು. ಬೆಳಗಾವಿಯ ಸುತ್ತಲಿನ ಶಹಾಪುರ, ವಡಗಾಂವ, ಯಳ್ಳೂರು, ಹಲಗಾ ಭಾಗದ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಳ್ಳಾರಿ ನಾಲಾ ಹೂಳು, ಕಳೆಗಳಿಂದ ಕಟ್ಟಿಕೊಂಡು ಭತ್ತದ ಗದ್ದೆಗಳಿಗೆ ನುಗ್ಗುವುದನ್ನು ಅವರು ಕಂಡಿದ್ದಾರೆ. 2019ರ ಆಗಸ್ಟ್ ತಿಂಗಳ ಮಳೆಯನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ನಾಲಾದ ನೀರು ಚರಂಡಿಯ ತಳಕ್ಕಿಂತ ಮೇಲಿದ್ದಾಗ ಚರಂಡಿಯ ನೀರು ಮುಂದೆ ಹೋಗುವುದಿಲ್ಲ, ಹಿಂದಕ್ಕೆ ಬರುತ್ತದೆ.

ಒಂದು ಸರಳ ಲೆಕ್ಕ

ಚರಂಡಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಒಂದು ಹೆಕ್ಟೇರ್ ಮೇಲೆ ಗಂಟೆಗೆ 1 ಸೆಂ.ಮೀ.ನಂತೆ ಮಳೆ ಬಿದ್ದು ಎಲ್ಲವೂ ಹರಿದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರಾಗುತ್ತದೆ. ಗಂಟೆಗೆ 6 ಸೆಂ.ಮೀ. ಬಿರುಸಿನ ಮಳೆ ಎಂದು ಇಟ್ಟುಕೊಂಡರೆ ಹೆಕ್ಟೇರಿಗೆ ಸುಮಾರು 167 ಲೀಟರ್.

ಒಂದು ಕಿಲೋಮೀಟರ್ ಉದ್ದದಲ್ಲಿ ರಸ್ತೆಯ 10 ಮೀಟರ್ ಅಗಲದ ನೀರು ಒಂದು ಚರಂಡಿಗೆ ಬಂದರೆ ಅದು ಒಂದು ಹೆಕ್ಟೇರ್ ಆಯಿತು. ಡಾಂಬರು ನೀರನ್ನು ಹೀರುವುದಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಹರಿದರೆ 150 ಲೀಟರ್. ಮೇಲ್ಭಾಗದಲ್ಲಿ 10 ಎಕರೆ, ಅಂದರೆ 4 ಹೆಕ್ಟೇರ್ ಹೊಲವಿದ್ದು ಹತ್ತರಲ್ಲಿ ನಾಲ್ಕು ಪಾಲು ಹರಿದರೆ 267 ಲೀಟರ್. ಒಟ್ಟು ಸೆಕೆಂಡಿಗೆ ಸುಮಾರು 420 ಲೀಟರ್. ರಸ್ತೆಗಿಂತ ಹೊಲದ ನೀರೇ ಹೆಚ್ಚು ಎಂಬುದನ್ನು ಗಮನಿಸಿ. ರಸ್ತೆಯ ನೀರನ್ನು ಮಾತ್ರ ಲೆಕ್ಕ ಹಿಡಿದ ಚರಂಡಿ ಮೊದಲ ದೊಡ್ಡ ಮಳೆಗೇ ಉಕ್ಕುತ್ತದೆ.

ಇನ್ನು ಚರಂಡಿಯ ಶಕ್ತಿಯನ್ನು ನೋಡೋಣ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 19ನೆಯ ಶತಮಾನದ ಕೊನೆಯಲ್ಲಿ ಕೊಟ್ಟ ಸೂತ್ರವನ್ನೇ ಇಂದಿನ ತಂತ್ರಾಂಶಗಳೂ ಬಳಸುತ್ತವೆ. ತಳ ಅರ್ಧ ಮೀಟರ್, ನೀರಿನ ಆಳ ಅರ್ಧ ಮೀಟರ್, ಬದಿಗಳು ಒಂದಕ್ಕೆ ಒಂದರಂತೆ ಇಳಿಜಾರಾಗಿರುವ ಮಣ್ಣಿನ ಚರಂಡಿ ಎಷ್ಟು ನೀರು ಒಯ್ಯುತ್ತದೆ ಎಂಬುದು ಹೀಗಿದೆ:

200ಕ್ಕೆ 1 ಇಳಿಜಾರಿದ್ದಾಗ: ಸೆಕೆಂಡಿಗೆ ಸುಮಾರು 480 ಲೀಟರ್.
1000ಕ್ಕೆ 1 ಇಳಿಜಾರಿದ್ದಾಗ: ಸುಮಾರು 215 ಲೀಟರ್.
200ಕ್ಕೆ 1 ಇದ್ದು ಕಳೆ ದಟ್ಟವಾಗಿ ಬೆಳೆದಿದ್ದಾಗ: ಸುಮಾರು 240 ಲೀಟರ್.

ಚರಂಡಿ ಅದೇ. ಇಳಿಜಾರು ಕಡಿಮೆಯಾದರೂ ಕಳೆ ಬೆಳೆದರೂ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ನಮ್ಮ 420 ಲೀಟರಿಗೆ ಮೊದಲನೆಯದು ಸಾಕು, ಉಳಿದೆರಡು ಸಾಲವು.

ಇಳಿಜಾರು ಹೆಚ್ಚಾದರೆ ಒಳ್ಳೆಯದೇ ಎಂದುಕೊಳ್ಳಬೇಡಿ. ಜಾಂಬೋಟಿ, ಕಣಕುಂಬಿಗಳ ಕಡೆಯಂಥ ಗುಡ್ಡಗಾಡಿನಲ್ಲಿ 20ಕ್ಕೆ 1 ಇಳಿಜಾರು ಅಪರೂಪವಲ್ಲ. ಇದೇ ಚರಂಡಿ ಅಲ್ಲಿ ತುಂಬಿ ಹರಿದರೆ ನೀರಿನ ವೇಗ ಸೆಕೆಂಡಿಗೆ 3 ಮೀಟರ್ ಆಗುತ್ತದೆ. ಬರಿಯ ಮಣ್ಣು ಸುಮಾರು 1 ಮೀಟರ್ ವೇಗದವರೆಗೆ ತಾಳೀತು. ಅದಕ್ಕಿಂತ ಮೇಲೆ ಚರಂಡಿ ಕೊರಕಲಾಗಿ, ಕೊಚ್ಚಿಹೋದ ಮಣ್ಣು ಕೆಳಗಿನ ಗದ್ದೆಯ ಮೇಲೆ ಹರಡುತ್ತದೆ. ಇಂಥ ಕಡೆ ಕಲ್ಲು ಹಾಸಬೇಕು ಇಲ್ಲವೆ ಅಲ್ಲಲ್ಲಿ ಮೆಟ್ಟಿಲು ಕಟ್ಟಿ ನೀರಿನ ರಭಸ ಮುರಿಯಬೇಕು.

ರೈತರು ಏನು ಮಾಡಬೇಕು?

ಅಳತೆಗೆ ಬಂದಾಗ: ಅಳತೆಯವರನ್ನು ಕಂಡು ದೂರ ನಿಲ್ಲಬೇಡಿ. ಜಮೀನು ಕೊಡುವ ಬಿಡುವ ವಿಚಾರ ಬೇರೆ, ನೀರಿನ ದಾರಿ ತೋರಿಸುವುದು ಬೇರೆ. ಹಲಗಾ-ಮಚ್ಛೆ ಬೈಪಾಸಿನಂತೆ ರೈತರ ವಿರೋಧವಿರುವ ಕಡೆಯೂ ನೀರಿನ ದಾರಿಯ ವಿವರ ದಾಖಲೆಯಲ್ಲಿರುವುದು ರೈತನಿಗೇ ಹಿತ. ಬಸಿಗಾಲುವೆಯ ತಳ, ಗದ್ದೆಯ ನೆಲ, ಹಳೆಯ ಕಲ್ಲುಮೋರಿ ಇವುಗಳಲ್ಲಿ ಅಳತೆಯ ಕೋಲು ಇಡುವಂತೆ ಕೇಳಿ. ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಮರ ಅಥವಾ ಬಾವಿಕಟ್ಟೆಯ ಮೇಲೆ ಗುರುತು ಮಾಡಿ ತೋರಿಸಿ. ಮಳೆಗಾಲದ ಫೋಟೋಗಳಿದ್ದರೆ ದಿನಾಂಕ ಸಮೇತ ಕೊಡಿ.

ನಕ್ಷೆ ತಯಾರಾದಾಗ: ರಾಷ್ಟ್ರೀಯ ಹೆದ್ದಾರಿಗಾಗಿ 1956ರ ಕಾಯಿದೆಯ 3ಎ ಕಲಮಿನಂತೆ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಲು 3ಸಿ ಕಲಮಿನಲ್ಲಿ ಅವಕಾಶವಿದೆ. ಆಕ್ಷೇಪಣೆಯಲ್ಲಿ ನೀರಿನ ವಿಷಯವನ್ನೂ ಸರ್ವೆ ನಂಬರ್ ಸಹಿತ ಬರೆಯಿರಿ. ನಕ್ಷೆಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಕೇಳಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು. ನಿಮ್ಮ ಹೊಲದ ಎದುರಿನ ಅಡ್ಡಛೇದವನ್ನೂ ಚರಂಡಿಯ ತಳದ ಉದ್ದಛೇದವನ್ನೂ ಕೇಳಿ. ನಕ್ಷೆಯನ್ನು ಮುಂದಿಟ್ಟುಕೊಂಡು ಎಂಜಿನಿಯರರಿಗೆ ಈ ನಾಲ್ಕು ಪ್ರಶ್ನೆ ಹಾಕಿ:

1. ನನ್ನ ಹೊಲದ ಎದುರು ಚರಂಡಿಯ ತಳದ ಮಟ್ಟ ಎಷ್ಟು? ಮುಂದಿನ ಮೋರಿಯ ಬಳಿ ಎಷ್ಟು? (ಮೋರಿಯ ಬಳಿ ಕಡಿಮೆ ಇರಬೇಕು.)
2. ಈ ಚರಂಡಿ ಯಾವ ಹಳ್ಳದಲ್ಲಿ ಕೊನೆಗೊಳ್ಳುತ್ತದೆ?
3. ಲೆಕ್ಕದಲ್ಲಿ ಮೇಲ್ಭಾಗದ ಎಷ್ಟು ಎಕರೆಯ ನೀರನ್ನು ಹಿಡಿದಿದ್ದೀರಿ?
4. ಏರಿ ಇರುವಲ್ಲಿ ಬುಡದ ಚರಂಡಿ ಇದೆಯೇ?

ತಂತ್ರಾಂಶದಲ್ಲಿ ನೆಲದ ಮೇಲೆ ಒಂದು ಹನಿ ನೀರನ್ನಿಟ್ಟರೆ ಅದು ಹರಿಯುವ ದಾರಿಯನ್ನು ಗೆರೆಯಾಗಿ ತೋರಿಸುವ ಸೌಲಭ್ಯವೂ ಇದೆ. ನಿಮ್ಮ ಸರ್ವೆ ನಂಬರಿನಲ್ಲಿ ಒಂದು ಹನಿ ಇಟ್ಟು ತೋರಿಸಲು ವಿನಂತಿಸಿ. ಗೆರೆಯು ನೀವು ಬಲ್ಲ ದಾರಿಯಲ್ಲಿ ಹೋಗದಿದ್ದರೆ ಅಳತೆಯಲ್ಲಿ ಏನೋ ಬಿಟ್ಟುಹೋಗಿದೆ ಎಂದು ತಿಳಿಯಿರಿ. ಇದಕ್ಕಿಂತ ಸುಲಭದ ಪರೀಕ್ಷೆ ಬೇರಿಲ್ಲ.

ರಸ್ತೆ ಆದ ಮೇಲೆ: ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಟ್ರ್ಯಾಕ್ಟರ್ ದಾಟಿಸಲು ಚರಂಡಿಗೆ ಮುರುಮು ಸುರಿದು ದಾರಿ ಮಾಡಿಕೊಳ್ಳುವುದು ಎಲ್ಲೆಡೆ ಕಾಣುತ್ತದೆ. ಕೆಲವರು ಒಂದು ಸಣ್ಣ ಪೈಪು ಇಟ್ಟು ಕೆಲಸ ಆಯಿತೆನ್ನುತ್ತಾರೆ. 200ಕ್ಕೆ 1 ಇಳಿಜಾರಿನಲ್ಲಿ 600 ಮಿ.ಮೀ. ವ್ಯಾಸದ ಸಿಮೆಂಟ್ ಪೈಪು ತುಂಬಿ ಹರಿದಾಗ ಸೆಕೆಂಡಿಗೆ ಸುಮಾರು 430 ಲೀಟರ್ ಒಯ್ಯುತ್ತದೆ. 300 ಮಿ.ಮೀ. ಪೈಪು ಅದರ ಅರ್ಧ ಒಯ್ಯುತ್ತದೆ ಎಂದು ತೋರಬಹುದು. ನಿಜವಾಗಿ ಅದು ಒಯ್ಯುವುದು ಸುಮಾರು 68 ಲೀಟರ್, ಅಂದರೆ ಆರನೆಯ ಒಂದು ಪಾಲು. ಅಂಥ ಒಂದು ಪೈಪು ಇಡೀ ಕಿಲೋಮೀಟರಿನ ಚರಂಡಿಯನ್ನು ಕಟ್ಟಿಹಾಕುತ್ತದೆ, ಮುಳುಗುವುದು ಮೇಲಿನ ನೆರೆಯವನ ಬೆಳೆ. ಆದ್ದರಿಂದ ಹೊಲದ ದಾರಿಗೆ ಎಷ್ಟು ದೊಡ್ಡ ಪೈಪು ಬೇಕೆಂದು ಇಲಾಖೆಯವರನ್ನು ಕೇಳಿ, ಅನುಮತಿ ಪಡೆದೇ ಹಾಕಿರಿ. ಸಾಧ್ಯವಾದರೆ ಇಬ್ಬರು ಮೂವರು ಸೇರಿ ಒಂದೇ ದಾರಿ ಮಾಡಿಕೊಳ್ಳಿ. ಪ್ರತಿ ವರ್ಷ ಮಿರಗದ ಮಳೆಗೆ ಮುಂಚೆ ನಿಮ್ಮ ಹೊಲದ ಎದುರಿನ ಕಳೆ, ಕಸಗಳನ್ನು ತೆಗೆಯಿರಿ. ಕಬ್ಬಿನ ರವದಿಯನ್ನು ಚರಂಡಿಗೆ ಎಸೆಯಬೇಡಿ, ಅದು ಹೋಗಿ ಮೋರಿಯ ಬಾಯಿ ಮುಚ್ಚುತ್ತದೆ.

ಬೆಳಗಾವಿಯಿಂದ ಗೋವೆಗೆ ಹೋಗುವ ಹಳೆಯ 4ಎ ಹೆದ್ದಾರಿಗೆ 2010ರಲ್ಲಿ 748 ಎಂಬ ಸಂಖ್ಯೆ ಬಂತು. ಸಂಖ್ಯೆ ಬದಲಾಯಿತು, ರಸ್ತೆಯ ಅಗಲ ಬದಲಾಗುತ್ತದೆ, ನಕ್ಷೆ ಬರೆಯುವ ಯಂತ್ರಗಳೂ ಬದಲಾಗುತ್ತವೆ. ಪಶ್ಚಿಮದಿಂದ ಇಳಿಯುವ ನೀರು ಮಾತ್ರ ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ. ಆ ದಾರಿ ಗೊತ್ತಿರುವುದು ವರ್ಷವರ್ಷವೂ ಮಳೆಯಲ್ಲಿ ಬದುವಿನ ಮೇಲೆ ನಿಂತು ನೋಡಿದವರಿಗೆ. ಮುಂದಿನ ಬಾರಿ ಅಳತೆಯವರು ನಿಮ್ಮ ಊರಿಗೆ ಬಂದಾಗ ಅವರ ಜೊತೆ ನಡೆದುಹೋಗಿ, ಕಾಲುವೆಯ ತಳ ತೋರಿಸಿ, 'ಈ ಚರಂಡಿ ಎಲ್ಲಿ ಕೊನೆಗೊಳ್ಳುತ್ತದೆ?' ಎಂದು ಕೇಳಿರಿ. ಉತ್ತರ ನಕ್ಷೆಯಲ್ಲಿ ಕಾಣಿಸುವವರೆಗೆ ಕೇಳುತ್ತಿರಿ.